ಹದ್ದಕ್ಕ ಪಾಸ್ ಮಾಡಿದ ಪೀಸು

ಶರ್ಟು ಹೊಲಿಯುವ ಆ ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದವನು ಹಾಜರಿ ಪುಸ್ತಕದ ಗುಮಾಸ್ತ ಒಬ್ಬನೇ. ಮಿಕ್ಕವರಿಗೆಲ್ಲ ಅವಳು ಹದ್ದಕ್ಕ. ಹದ್ದಿನ ಕಣ್ಣಿನ ಅಕ್ಕ ಎಂದು ಯಾರೋ ಹೊಟ್ಟೆಯುರಿಗೆ ಕರೆದದ್ದು ಬಾಯಿಂದ ಬಾಯಿಗೆ ಸವೆದು ಅಷ್ಟಕ್ಕೆ ನಿಂತಿತ್ತು. ಅವಳಿಗೇನೂ ಬೇಸರವಿರಲಿಲ್ಲ. ಒಳಗೊಳಗೆ ಹೆಮ್ಮೆಯೇ ಇತ್ತು ಅನ್ನಿ.

ಅವಳದು ಚೆಕಿಂಗ್ ಕೆಲಸ. ಮೂರನೇ ಲೈನಿನ ತುದಿಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಬಿಳಿ ರೆಕ್ಸಿನ್ ಹೊದಿಸಿದ ಎತ್ತರದ ಮೇಜು. ಹೊಲಿದು ಮುಗಿದ ಶರ್ಟು ಅಲ್ಲಿಗೆ ಬಂದು ಬೀಳಬೇಕು. ಕಾಲರ್, ಹೆಗಲು, ತೋಳು, ಕಫ್, ಕಾಜ, ಗುಂಡಿ, ಕೆಳಗಿನ ಮಡಿಕೆ, ಎಲ್ಲದರ ಮೇಲೂ ಅವಳ ಕಣ್ಣು ಒಂದು ಸುತ್ತು ಹೊಡೆಯಲು ಒಂದು ನಿಮಿಷವೂ ಬೇಡ. ದೋಷ ಕಂಡರೆ ಎಡತೋಳಿನ ಮೇಲೆ ಸಾಲಾಗಿ ಅಂಟಿಸಿಕೊಂಡ ಕೆಂಪು ಬಾಣದ ಸ್ಟಿಕ್ಕರುಗಳಲ್ಲಿ ಒಂದನ್ನು ಕಿತ್ತು, ಬಾಣದ ತುದಿ ಸರಿಯಾಗಿ ದೋಷಕ್ಕೆ ತಾಗುವಂತೆ ಹಚ್ಚುತ್ತಿದ್ದಳು. ಬಾಣ ಬಿದ್ದ ಶರ್ಟು ಹೊಲಿದವಳ ಮಡಿಲಿಗೆ ವಾಪಸ್. ಬಾಣ ಬೀಳದ್ದು ಪಾಸ್. ಪಾಸಾದ ಶರ್ಟಿನ ಜೇಬಿಗೆ ಅವಳ ನಂಬರಿನ ಚೀಟಿ ಹೋಗಬೇಕು. ಅವಳ ನಂಬರು ಹತ್ತೊಂಬತ್ತು. ಶರ್ಟು ಯಾವ ದೇಶಕ್ಕೆ ಹೋದರೂ ಚೀಟಿ ಅದರ ಜೊತೆಗೇ ಇರುತ್ತದೆ. ಅಲ್ಲಿ ಯಾರಾದರೂ ಹರಿದ ಕಾಜ ಕಂಡು ಕೂಗಾಡಿದರೆ, ಇದನ್ನು ಪಾಸ್ ಮಾಡಿದ ಮಹಾತಾಯಿ ಯಾರು ಎಂದು ಚೀಟಿ ಹೇಳುತ್ತದೆ.

ಹನ್ನೊಂದು ವರ್ಷದಲ್ಲಿ ಹತ್ತೊಂಬತ್ತನೇ ನಂಬರಿನ ಒಂದು ಶರ್ಟೂ ವಾಪಸ್ ಬಂದಿರಲಿಲ್ಲ. ಒಮ್ಮೆ ಮಾಲೀಕರು ಬಂದು ಶಿಸ್ತಿನ ಬಗ್ಗೆ ಅರ್ಧ ಗಂಟೆ ಭಾಷಣ ಬಿಗಿದಾಗ, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರೆ ಇವಳು ಪಕ್ಕದವಳ ಕಿವಿಯಲ್ಲಿ, "ಅವರ ಕಾಲರ್ ಎಡಗಡೆ ಎರಡು ದಾರ ಮೇಲಿದೆ ನೋಡೇ" ಅಂದಿದ್ದಳು. ಪಕ್ಕದವಳು ನಗು ತಡೆಯಲಾರದೆ ಕೆಮ್ಮಿ ಕೆಮ್ಮಿ ಹೊರಗೆ ಓಡಿದಳು.

ಅಂಥ ಹದ್ದಕ್ಕ ಒಂದು ಗುರುವಾರ ಬೆಳಿಗ್ಗೆ, ಹನ್ನೊಂದು ಹೆಂಗಸರ ಎದುರು, ಕಣ್ಣಿಗೆ ಹೊಡೆದು ಕಾಣುತ್ತಿದ್ದ ದೋಷವನ್ನು ಬೇಕೆಂದೇ ಪಾಸ್ ಮಾಡಿದಳು. ಹೇಳಬೇಕಾದದ್ದು ಅದನ್ನೇ.

ಮದುವೆಯಾಗಿ ಒಂಬತ್ತು ವರ್ಷಕ್ಕೆ ಅವಳು ಬಸುರಿಯಾದಳು. ಗಂಡ ಲಿಫ್ಟ್ ಮೆಕ್ಯಾನಿಕ್. ದಿನವಿಡೀ ಕತ್ತಲೆಯ ಬಾವಿಯಂಥ ಜಾಗದಲ್ಲಿ ನೇತಾಡಿ ಬರುವ ಮನುಷ್ಯ, ಆದರೂ ಮನೆಗೆ ಬಂದರೆ ತಮಾಷೆ ಬಿಟ್ಟು ಬೇರೆ ಮಾತಿಲ್ಲ. ಸುದ್ದಿ ಕೇಳಿದ ದಿನ ಅವನು ತಮಾಷೆ ಮಾಡಲಿಲ್ಲ. ಕೈಗೆ ಮೆತ್ತಿದ್ದ ಗ್ರೀಸನ್ನೂ ತೊಳೆಯದೆ ಕುರ್ಚಿಯ ಮೇಲೆ ಕೂತು ಅತ್ತುಬಿಟ್ಟ. ಅತ್ತೆ ಟ್ರಂಕಿನ ತಳದಿಂದ ಹಳೆಯ ಹೆಣಿಗೆ ಕಡ್ಡಿಗಳನ್ನು ತೆಗೆದರು. ಕಾರ್ಖಾನೆಯಲ್ಲಿ ಲೈನಿನವರೆಲ್ಲ ಮಿಷಿನ್ ನಿಲ್ಲಿಸಿ ಬಂದು ಅವಳ ಗಲ್ಲ ಹಿಂಡಿದರು. ಬಾಣದ ಏಟು ತಿಂದವರೂ ಬಂದರು.

ಸಂತೋಷವಾಗದೇ ಇದ್ದದ್ದು ಅವಳೊಬ್ಬಳಿಗೇ.

ಮೊದಲು ಅದು ಆಯಾಸ ಅಂದುಕೊಂಡಳು. ವಾಂತಿ ನಿಂತರೆ ಸರಿಹೋಗುತ್ತದೆ ಅಂದುಕೊಂಡಳು. ವಾಂತಿ ನಿಂತಿತು, ಇದು ನಿಲ್ಲಲಿಲ್ಲ. ಬೆಳಿಗ್ಗೆ ಎದ್ದರೆ ಎದೆಯ ಮೇಲೆ ಹಿಂಡದ ಬಟ್ಟೆಯ ಗಂಟು ಇಟ್ಟಂತೆ ಭಾರ. ಹಲ್ಲುಜ್ಜುವುದೂ ಒಂದು ದೊಡ್ಡ ಕೆಲಸ. ಊಟದ ತಟ್ಟೆ ನೋಡಿದರೆ ಅಳು. ಕಾರ್ಖಾನೆಯ ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತು, ಮುಖ ತೊಳೆದು ಬಂದು ಮತ್ತೆ ಕಾಲರ್ ನೋಡುತ್ತಿದ್ದಳು. ಐದನೇ ತಿಂಗಳಲ್ಲಿ ಮಗು ಮೊದಲ ಸಲ ಮಿಸುಕಿದಾಗ ಗಂಡ ಅವಳ ಹೊಟ್ಟೆಯ ಮೇಲೆ ಕೈಯಿಟ್ಟು ಬಾಯಿ ತೆರೆದುಕೊಂಡೇ ಕೂತ. ಅವಳಿಗೆ ಮಾತ್ರ ಯಾರೋ ಗುರುತಿಲ್ಲದವರು ಒಳಕೋಣೆಯಲ್ಲಿ ಬಾಡಿಗೆಗೆ ಬಂದು ಕುರ್ಚಿ ಎಳೆದಾಡಿದ ಹಾಗೆ ಆಯಿತು. ಅವಳು ನಕ್ಕಳು. ಆಗ ನಗಬೇಕು ಎಂಬುದು ಅವಳಿಗೆ ಗೊತ್ತಿತ್ತು.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಒಂದು ಸಂಜೆ ಕಾರ್ಖಾನೆಯ ಮೆಟ್ಟಿಲು ಇಳಿಯುವಾಗ ಕಾಲು ಜಾರಿ ಕಂಬಿ ಹಿಡಿದುಕೊಂಡಳು. ಏನೂ ಆಗಲಿಲ್ಲ. ಆದರೆ ಆ ಒಂದು ಕ್ಷಣದಲ್ಲಿ, ಬಿದ್ದು ಇದು ಹೋಗಿಬಿಟ್ಟಿದ್ದರೆ ಹಾಯಾಗಿರುತ್ತಿತ್ತು ಎಂಬ ಮಾತು ಮನಸ್ಸಿನಲ್ಲಿ ಬಂದು ಹೋಯಿತು. ಒಂಬತ್ತು ವರ್ಷ ಕಾದ ಮಗು. ಅವಳು ಮೆಟ್ಟಿಲ ಮೇಲೆಯೇ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಆ ಮಾತು ಯಾರಿಗಾದರೂ ಕೇಳಿಸಿತೇನೋ ಎಂಬಂತೆ. ಅಂದಿನಿಂದ ಯಾರಾದರೂ "ತಾಯಿ" ಎಂದರೆ ಅವಳಿಗೆ ಕಳ್ಳಿ ಎಂದು ಕರೆದ ಹಾಗೆ ಆಗುತ್ತಿತ್ತು.

ಹೆರಿಗೆ ಆಸ್ಪತ್ರೆಯಲ್ಲಿ ಒಂದು ಹಾಳೆ ಕೊಟ್ಟರು. ಹತ್ತು ಪ್ರಶ್ನೆ. ಕಾರಣವಿಲ್ಲದೆ ಅಳು ಬರುತ್ತದೆಯೇ? ಮೊದಲಿನ ಹಾಗೆ ನಗುತ್ತೀರಾ? ನಿಮಗೆ ಹಾನಿಯಾಗುವಂಥ ಯೋಚನೆ ಬರುತ್ತದೆಯೇ? ಎದುರಿಗೆ ಹೌದು, ಇಲ್ಲ, ಒಮ್ಮೊಮ್ಮೆ ಎಂಬ ಚೌಕಗಳು. ದಿನಕ್ಕೆ ನಾಲ್ಕು ಚೆಕಿಂಗ್ ಹಾಳೆ ತುಂಬುವವಳಿಗೆ ಯಾವ ಚೌಕಕ್ಕೆ ಗೀಟು ಹಾಕಿದರೆ ಪಾಸ್ ಎಂಬುದು ಹೇಳಿಕೊಡಬೇಕೆ? ಹತ್ತಕ್ಕೆ ಹತ್ತೂ ಸರಿಯಾಗಿ ಹಾಕಿ ಕೊಟ್ಟಳು. ನರ್ಸು ನೋಡಿ, "ಪರವಾಗಿಲ್ವೇ, ಇಷ್ಟು ಖುಷಿಯಾಗಿರೋರನ್ನ ನಾನು ನೋಡೇ ಇಲ್ಲ" ಎಂದು ಫೈಲಿಗೆ ಸೇರಿಸಿದಳು.

ಅದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ಪ್ರತಿ ಗುರುವಾರ ಬಸುರಿಯರಿಗೆ ಸಾವಧಾನದ ತರಗತಿ. ಕಾರ್ಖಾನೆಯವರೂ ಅದಕ್ಕೆಂದು ಎರಡು ಗಂಟೆ ಬಿಡುತ್ತಿದ್ದರು. ಬಾಗಿಲ ಮೇಲಿನ ಬರಹ ನೋಡಿ ಒಬ್ಬಳು, "ಸಾವಧಾನ ಅಂತೆ! ಮೊದಲು ನಮ್ಮ ಹೆಡ್‌ಮಾಸ್ಟರಿಗೆ ಕಲಿಸಲಿ" ಅಂದಳು. ಒಳಗೆ ಹನ್ನೆರಡು ಚಾಪೆ, ಗೋಡೆಗೆ ಹನ್ನೆರಡು ದಿಂಬು, ಒಂದು ಗೋಡೆ ಗಡಿಯಾರ. ಕಲಿಸುವಾಕೆ ಮೆಲುದನಿಯ ಹೆಂಗಸು. ಕೂತವರೆಲ್ಲ ಎರಡನೇ ವಾರಕ್ಕೇ ಆಕೆಗೆ ಉಸಿರು ಮೇಡಂ ಎಂದು ಹೆಸರಿಟ್ಟರು.

"ಉಸಿರು ಹೇಗೆ ಬರುತ್ತೋ ಹಾಗೆ ಬರಲಿ" ಎನ್ನುತ್ತಿದ್ದರು ಉಸಿರು ಮೇಡಂ. "ಮನಸ್ಸಿಗೆ ಏನು ಬಂದ್ರೂ ನೋಡಿ. ಒಳ್ಳೇದು ಕೆಟ್ಟದ್ದು ಅನ್ನಬೇಡಿ. ಗಮನಿಸಿ, ಗುರುತು ಹಾಕಬೇಡಿ."

ಗಮನಿಸಬೇಕು, ಗುರುತು ಹಾಕಬಾರದು. ಹದ್ದಕ್ಕನಿಗೆ ಇದು ಅರ್ಥವೇ ಆಗಲಿಲ್ಲ. ಹನ್ನೊಂದು ವರ್ಷದಿಂದ ಅವಳು ಗಮನಿಸುತ್ತಿದ್ದದ್ದೇ ಗುರುತು ಹಾಕಲಿಕ್ಕೆ. ಗುರುತು ಹಾಕದಿದ್ದರೆ ಯಾಕೆ ನೋಡಬೇಕು? ಆದರೂ ಮನೆಯಲ್ಲಿ ದಿನಾ ಬೆಳಿಗ್ಗೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಹತ್ತು ನಿಮಿಷ ಕಣ್ಣು ಮುಚ್ಚಿ ಕೂತಳು. ಅತ್ತೆ ಪಾತ್ರೆಯ ಸದ್ದಾಗದಂತೆ ತುದಿಗಾಲಲ್ಲಿ ಓಡಾಡುತ್ತ ಮಗನಿಗೆ, "ಶ್! ಸದ್ದು ಮಾಡ್ಬೇಡ, ಅವಳು ಉಸಿರಾಡ್ತಿದಾಳೆ" ಎಂದರೆ, ಅವನು, "ಹಾಗಾದ್ರೆ ಇಷ್ಟು ವರ್ಷ ಏನ್ ಮಾಡ್ತಿದ್ಲಮ್ಮಾ?" ಎನ್ನುತ್ತಿದ್ದ.

ಕುರ್ಚಿಯಲ್ಲಿ ಕೂತವಳು ಉಸಿರನ್ನು ಚೆಕ್ ಮಾಡುತ್ತಿದ್ದಳು. ಇದು ಗಿಡ್ಡ, ಬಾಣ. ಇದು ನಡುವೆ ತುಂಡಾಯಿತು, ಬಾಣ. ಇದರೊಳಗೆ ಮೆಟ್ಟಿಲಿನ ಯೋಚನೆ ಬಂತು, ರಿಜೆಕ್ಟ್. ಹತ್ತು ನಿಮಿಷ ಮುಗಿಯುವಷ್ಟರಲ್ಲಿ ನೆಟ್ಟಗಿನ ಉಸಿರು ನಾಲ್ಕೋ ಐದೋ ಸಿಕ್ಕಿದರೆ ಹೆಚ್ಚು. ಉಸಿರಾಡುವುದರಲ್ಲೂ ತಾನು ಡ್ಯಾಮೇಜ್ ಪೀಸೇ ಎಂದು ಎದ್ದು ಹೋಗುತ್ತಿದ್ದಳು. ಗುರುವಾರ ಉಸಿರು ಮೇಡಂ, "ಮನೇಲಿ ಹೇಗಾಯ್ತು?" ಎಂದು ಕೇಳಿದರೆ, "ಓಕೆ ಮೇಡಂ" ಎಂಬ ಒಂದೇ ಮಾತು. ಅವಳು ಅಲುಗಾಡದೆ ಕೂರುವುದು, ತಪ್ಪದೆ ಬರುವುದು, ಸದಾ ನಗುಮುಖ, ಎಲ್ಲ ನೋಡಿ ಪಾಪ ಆಕೆ ನಂಬಿದರು. ಹಾಗೆ ನೋಡಿದರೆ ನಂಬದೇ ಇರಲು ಕಾರಣವೂ ಇರಲಿಲ್ಲ.

ಇದರ ನಡುವೆ ಟೋಪಿಯದೊಂದು ಪ್ರಕರಣ ನಡೆಯಿತು. ಅತ್ತೆ ಒಂದು ತಿಂಗಳು ಕಣ್ಣು ಕಿರಿದು ಮಾಡಿ ಹೆಣೆದ ಹಳದಿ ಉಲ್ಲನ್ ಟೋಪಿ ಮೇಜಿನ ಮೇಲಿತ್ತು. ಕೆಲಸದಿಂದ ಬಂದ ಹದ್ದಕ್ಕ ಅದನ್ನು ಎತ್ತಿ ನೋಡಿ, ಇಟ್ಟು, ಮುಖ ತೊಳೆಯಲು ಹೋದಳು. ತಿರುಗಿ ಬಂದಾಗ ಅತ್ತೆ ಟೋಪಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಕಿವಿಯ ಹತ್ತಿರ ಒಂದು ಹೆಣಿಗೆ ಜಾರಿದ ಜಾಗಕ್ಕೆ ಸರಿಯಾಗಿ ಕೆಂಪು ಬಾಣ ಕೂತಿತ್ತು. ತೋಳಿನ ಮೇಲೆ ಉಳಿದ ಸ್ಟಿಕ್ಕರನ್ನು ಅವಳ ಕೈ ಅವಳನ್ನು ಕೇಳದೆಯೇ ಹಚ್ಚಿಬಿಟ್ಟಿತ್ತು. ಹದ್ದಕ್ಕನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅತ್ತೆ ಟೋಪಿ ತೆಗೆದುಕೊಂಡು ಒಳಗೆ ಹೋದರು. ಮಗುವಿನ ಮೇಲೆ ಪ್ರೀತಿಯಂತೂ ಇಲ್ಲ, ಪ್ರೀತಿಯಿಂದ ಹೆಣೆದವರ ಮೇಲೂ ಬಾಣ ಹಚ್ಚಿದೆ ಎಂದು ಅವಳು ಆ ರಾತ್ರಿಯ ಊಟ ಬಿಟ್ಟಳು.

ಮುಂದಿನ ಗುರುವಾರವೇ ಆ ಸಂಗತಿ ನಡೆದದ್ದು.

ತರಗತಿಯಲ್ಲಿ ಒಬ್ಬ ಬೇಕರಿಯವಳಿದ್ದಳು. ವಯಸ್ಸು ಇಪ್ಪತ್ಮೂರೋ ಇಪ್ಪತ್ನಾಲ್ಕೋ. ಗಂಡನ ಮನೆಯವರ ಬೇಕರಿಯಲ್ಲಿ ಬೆಳಗಿನ ಬ್ರೆಡ್ಡಿನ ಕೆಲಸ ಅವಳದು. ಮುಂಗೈ ಮೇಲೆ ಟ್ರೇ ತಾಗಿ ಸುಟ್ಟ ಗೀರುಗಳು. ಯಾವತ್ತೂ ಬಾಯಿ ಬಿಡದ ಹುಡುಗಿ. ಅಂದು ಕಣ್ಣು ತೆರೆಯಿರಿ ಎಂದಾಗ ಎಲ್ಲರೂ ತೆರೆದರು, ಅವಳು ತೆರೆಯಲಿಲ್ಲ. ಕಣ್ಣು ಮುಚ್ಚಿಕೊಂಡೇ ಹೇಳಿದಳು:

"ಮೇಡಂ, ನನಗೆ ಈ ಮಗು ಮೇಲೆ ಏನೂ ಅನ್ಸಲ್ಲ. ಎಲ್ರೂ ಪ್ರೀತಿ ಪ್ರೀತಿ ಅಂತಾರೆ. ನನಗೆ ಎಲ್ಲಿ ಹುಡುಕಿದ್ರೂ ಸಿಗ್ತಿಲ್ಲ. ನಾನೊಬ್ಳೇನಾ ಹೀಗೆ?"

ಕೆಲವರು ಕಾಲಿನ ಬೆರಳು ನೋಡಿಕೊಂಡರು. ಒಬ್ಬಳು ದಿಂಬು ಸರಿಮಾಡಿಕೊಂಡಳು. ಹದ್ದಕ್ಕ ಬೆಚ್ಚಿ ಆ ಕಡೆ ತಿರುಗಿದಳು. ತನ್ನ ಮಾತನ್ನೇ ಈ ಹುಡುಗಿ ತನ್ನ ಬಾಯಿಂದ ಕಿತ್ತುಕೊಂಡು ಆಡಿದ್ದಳು.

ಉಸಿರು ಮೇಡಂ ಬೇಕರಿಯವಳ ಪಕ್ಕ ಹೋಗಿ ಕೂತರು. ಹಾಗೆ ಆಗುವುದುಂಟು, ಡಾಕ್ಟರ ಹತ್ತಿರ ಮಾತಾಡೋಣ ಎಂದು ಏನೋ ಶುರುಮಾಡಿದರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಧೈರ್ಯ ತುಂಬುವ ಆತುರಕ್ಕೆ ಸುತ್ತ ನೋಡಿ, ಹದ್ದಕ್ಕನ ನಗುಮುಖದ ಮೇಲೆ ಕಣ್ಣು ನಿಲ್ಲಿಸಿ, "ಇವರನ್ನ ಕೇಳಿ ಬೇಕಾದ್ರೆ. ಒಂದು ದಿನಾನೂ ತಪ್ಪಿಸಿಲ್ಲ. ನೀವು ಹೇಳಿ ಅಕ್ಕಾ, ನಿಮಗೆ ಹೇಗಿದೆ?" ಅಂದರು.

ಹುಡುಗಿ ಕಣ್ಣು ತೆರೆದು ಹದ್ದಕ್ಕನನ್ನು ನೋಡಿದಳು.

ಅಲ್ಲಿ ಒಂದು ಮಾತು ಸಾಕಿತ್ತು. 'ನನಗೂ ಹಾಗೇ' ಎಂದಿದ್ದರೆ ಮುಗಿಯುತ್ತಿತ್ತು. ಆ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಹನ್ನೊಂದು ಮುಖಗಳು ತನ್ನ ಕಡೆ ತಿರುಗಿದ್ದು ಕಂಡು, ಇವರೆಲ್ಲ ತನ್ನ ಮೇಲೆ ಬಾಣ ಹಚ್ಚುತ್ತಾರೆ ಎಂಬ ಭಯಕ್ಕೆ ಅವಳ ಬಾಯಿ ಬೇರೆಯೇ ಆಡಿತು.

"ಹೂಂ, ಚೆನ್ನಾಗಿದೀನಿ. ಮೊದಮೊದಲು ಸ್ವಲ್ಪ ಹಾಗೆ ಹೀಗೆ ಇರುತ್ತೆ. ದಿನಾ ಹತ್ತು ನಿಮಿಷ ಕೂತ್ರೆ ಎಲ್ಲಾ ಹೋಗುತ್ತೆ. ನನಗಂತೂ ಈಗ ಖುಷಿ ಬಿಟ್ರೆ ಬೇರೇನೂ ಇಲ್ಲ. ಮನಸ್ಸಿಟ್ಟು ಕೂತ್ರೆ ಪ್ರೀತಿ ತಾನಾಗೇ ಬರುತ್ತೆ. ಬರದೇ ಇರುತ್ತಾ? ನಮ್ಮದೇ ಮಗು ತಾನೇ?"

ಯಾರೋ ಚಪ್ಪಾಳೆ ತಟ್ಟಿದರು. ಹದ್ದಕ್ಕ ಹುಡುಗಿಯ ಮುಖ ನೋಡಿದಳು. ಆ ಹದ್ದಿನ ಕಣ್ಣು ಅವಳಿಗೆ ಯಾವತ್ತೂ ಮೋಸ ಮಾಡಿದ್ದಲ್ಲ, ಅಂದೂ ಮಾಡಲಿಲ್ಲ. ತೆರೆದಿದ್ದ ಮುಖ ಮೆಲ್ಲಗೆ ಮುಚ್ಚಿಕೊಳ್ಳುವುದನ್ನು ಅವಳು ಪೂರ್ತಿ ಕಂಡಳು. ಕಂಡೂ ಸುಮ್ಮನೆ ಕೂತಳು.

ಮುಂದಿನ ಗುರುವಾರ ಬೇಕರಿಯವಳ ಚಾಪೆ ಖಾಲಿ. ಅದರ ಮುಂದಿನ ಗುರುವಾರವೂ ಖಾಲಿ. ಉಸಿರು ಮೇಡಂ ಎರಡು ಸಲ ಫೋನ್ ಮಾಡಿಸಿದರಂತೆ. ಬೇಕರಿಯಲ್ಲಿ ಕೆಲಸ ಜಾಸ್ತಿ, ಈಗ ಸರಿಯಾಗಿದೀನಿ ಎಂದಳಂತೆ. ಆ 'ಸರಿಯಾಗಿದೀನಿ' ಎಲ್ಲಿಂದ ಕಲಿತದ್ದು ಎಂಬುದು ಹದ್ದಕ್ಕನಿಗೆ ಗೊತ್ತಿತ್ತು. ಮೇಜಿನ ಮುಂದೆ ನಿಂತು ಒಂದೊಂದು ಶರ್ಟಿನ ಜೇಬಿಗೆ ಹತ್ತೊಂಬತ್ತರ ಚೀಟಿ ತುರುಕುವಾಗಲೂ, ಆ ಹುಡುಗಿ ಎಲ್ಲೋ ತನ್ನ ನಂಬರಿನ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದಾಳೆ ಅನ್ನಿಸುತ್ತಿತ್ತು. ಅವಳಿಗೇನಾದರೂ ಹೆಚ್ಚುಕಮ್ಮಿಯಾದರೆ? ನಾಚಿಕೆ ಅಂದರೆ ಮುಖ ಕೆಂಪಾಗುವುದು ಎಂದು ಅವಳು ಅಲ್ಲಿಯವರೆಗೆ ತಿಳಿದಿದ್ದಳು. ಇದು ಹಾಗಿರಲಿಲ್ಲ. ನುಂಗಿದ ತುತ್ತು ಗಂಟಲಲ್ಲಿ ನಿಂತ ಹಾಗೆ ದಿನವಿಡೀ ಅಲ್ಲೇ ಇರುತ್ತಿತ್ತು.

ಮೂರನೇ ಗುರುವಾರ ಹತ್ತಿರ ಬಂದಾಗ, ಮಂಗಳವಾರ ಸಂಜೆ ಅತ್ತೆ ಅವಳ ಮಡಿಲಿಗೆ ಹಳದಿ ಟೋಪಿ ತಂದು ಹಾಕಿದರು.

"ನೋಡು ಈಗ."

ಅವಳಿಗೆ ತಲೆ ಎತ್ತಲಾಗಲಿಲ್ಲ. "ಅತ್ತೆ, ಅವತ್ತು ಬೇಕಂತ ಹಚ್ಚಿದ್ದಲ್ಲ..."

"ಯಾವತ್ತು? ಓ, ಅದಾ!" ಅತ್ತೆ ನಕ್ಕರು. "ಅಯ್ಯೋ ಹುಚ್ಚೀ, ಅದಕ್ಕೆ ಮುಖ ಊದಿಸ್ಕೊಂಡು ಓಡಾಡ್ತಿದ್ಯಾ? ನನಗೆ ಕಣ್ಣು ಸರಿಯಾಗಿ ಕಾಣಲ್ಲ. ನೀನು ತೋರಿಸ್ದೆ, ನಾನು ಬಿಚ್ಚಿ ಮತ್ತೆ ಹಾಕ್ದೆ. ತೋರಿಸ್ದೇ ಬಿಟ್ಟಿದ್ರೆ ಮಗು ತಲೆ ಮೇಲೆ ಬಿಚ್ಕೊಳ್ತಿತ್ತು. ಬೇರೆ ಎಲ್ಲಾದ್ರೂ ಇದ್ರೆ ಹಚ್ಚು, ನಿಧಾನ ಮಾಡ್ಬೇಡ."

ಹದ್ದಕ್ಕ ಟೋಪಿಯನ್ನು ತಿರುಗಿಸಿ ನೋಡಿದಳು. ಜಾರಿದ ಹೆಣಿಗೆ ಎಲ್ಲಿತ್ತು ಎಂಬುದೇ ಗೊತ್ತಾಗಲಿಲ್ಲ. ಅವಳಿಗೆ ತಡೆಯಲಾಗಲಿಲ್ಲ. "ನನಗೇ ಹಚ್ಬೇಕು ಅತ್ತೆ" ಎಂದವಳು ಟೋಪಿಯಲ್ಲಿ ಮುಖ ಹುದುಗಿಸಿ ಅಳತೊಡಗಿದಳು. "ನನಗೆ ಖುಷಿ ಆಗ್ತಾ ಇಲ್ಲ. ಒಂದು ದಿನಾನೂ ಆಗಿಲ್ಲ."

ಅತ್ತೆ ಪಕ್ಕದಲ್ಲಿ ಕೂತು, ಸೊಸೆಯ ಕಡೆ ನೋಡದೆ ಹೇಳಿದರು. "ನೀನು ಚಪ್ಪಲಿ ಹಾಕ್ಕೊಂಡು ಬಾಗಿಲಲ್ಲೇ ಕಾಲು ಗಂಟೆ ನಿಂತಿರ್ತೀಯ. ನಾನು ನೋಡಿದೀನಿ. ಕೇಳೋಕೆ ನನಗೂ ನಾಚಿಕೆ ಆಯ್ತಮ್ಮ. ಏನಂತ ಕೇಳ್ಲಿ? ನಿನ್ನ ಬಾಯಲ್ಲಿ ಏನು ಬಂದೀತೋ ಅಂತ ಭಯ."

ಇಬ್ಬರೂ ಒಬ್ಬರನ್ನೊಬ್ಬರು ಪಾಸ್ ಮಾಡಿಕೊಂಡೇ ಅಷ್ಟು ತಿಂಗಳು ದೂಡಿದ್ದರು. ಮಾರನೆಯ ದಿನ ಹದ್ದಕ್ಕ ಅರ್ಧ ದಿನ ರಜೆ ಹಾಕಿ, ಆಸ್ಪತ್ರೆಯಲ್ಲಿ ಕೇಳಿ ತಿಳಿದುಕೊಂಡು ಬೇಕರಿಗೆ ಹೋದಳು.

ಬೇಕರಿಯ ಹಿಂಬಾಗಿಲು ಸಣ್ಣ ಓಣಿಗೆ ತೆರೆದಿತ್ತು. ಹುಡುಗಿ ಖಾಲಿ ಟ್ರೇಗಳನ್ನು ಉಜ್ಜಿ ಗೋಡೆಗೆ ಒರಗಿಸುತ್ತಿದ್ದಳು. ಮೂರು ವಾರದಲ್ಲಿ ಹೊಟ್ಟೆ ಬೆಳೆದು ಮುಖ ಕಿರಿದಾಗಿತ್ತು. ಹದ್ದಕ್ಕನನ್ನು ನೋಡಿ ಕೈಯಲ್ಲಿದ್ದ ಬಟ್ಟೆಯನ್ನು ಬಕೆಟ್ಟಿಗೆ ಎಸೆದಳು.

"ನಾನು ಅವತ್ತು ಹೇಳಿದ್ದು ಸುಳ್ಳು" ಅಂದಳು ಹದ್ದಕ್ಕ. ಪೀಠಿಕೆ ಹಾಕಲು ಅವಳಿಗೆ ಬರುತ್ತಿರಲಿಲ್ಲ. "ಖುಷಿ ಇದೆ ಅಂದಿದ್ದು ಸುಳ್ಳು. ಕೂತ್ರೆ ಹೋಗುತ್ತೆ ಅಂದಿದ್ದೂ ಸುಳ್ಳು."

ಹುಡುಗಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅಂಥ ನೋಟವನ್ನು ಹದ್ದಕ್ಕ ಹನ್ನೊಂದು ವರ್ಷ ಕೊಟ್ಟಿದ್ದಳೇ ಹೊರತು ಯಾವತ್ತೂ ತೆಗೆದುಕೊಂಡಿರಲಿಲ್ಲ.

"ಇಪ್ಪತ್ತು ದಿನ ಕೂತೆ ನಾನು" ಅಂದಳು ಹುಡುಗಿ. "ಬ್ರೆಡ್ ಒಲೆಗೆ ಹಾಕಿ, ಈ ಮೂಲೇಲಿ, ಮೈದಾ ಚೀಲದ ಮೇಲೆ. ಹತ್ತು ನಿಮಿಷ ಅಲ್ಲ, ಇಪ್ಪತ್ತು ನಿಮಿಷ. ಕಣ್ಣು ಮುಚ್ಚಿದ್ರೆ ನಿಮ್ಮ ಮುಖಾನೇ ಬರ್ತಿತ್ತು. ಆ ಅಕ್ಕನಿಗೆ ಬಂತು, ನನಗ್ಯಾಕೆ ಬರಲ್ಲ? ಹಾಗಾದ್ರೆ ನಾನು ಮನುಷ್ಯಳೇ ಅಲ್ಲ ಅಂತ ತೀರ್ಮಾನ ಮಾಡ್ಕೊಂಡೆ. ಈಗ ಬಂದು ಸುಳ್ಳು ಅಂತೀರಾ? ಯಾಕ್ ಬಂದ್ರಿ? ನಿಮ್ಮ ಭಾರ ಇಳಿಸ್ಕೊಳ್ಳೋಕಾ?"

ಹದ್ದಕ್ಕನಿಗೆ ಹೌದು ಅನ್ನಲೂ ಬಾಯಿ ಬರಲಿಲ್ಲ, ಅಲ್ಲ ಅಂದರೆ ಇನ್ನೊಂದು ಸುಳ್ಳು. ಓಣಿಯ ನೆಲ ನೋಡುತ್ತ, ಗಂಡನಿಗೂ ಅತ್ತೆಗೂ ಹೇಳದಿದ್ದ ಮೆಟ್ಟಿಲಿನ ಮಾತನ್ನು ಹೇಳಿದಳು. ಕಾಲು ಜಾರಿದ್ದು, ಬಂದ ಯೋಚನೆ, ಬಾಯಿ ಮುಚ್ಚಿಕೊಂಡದ್ದು, ಒಂದನ್ನೂ ಬಿಡಲಿಲ್ಲ.

ಹುಡುಗಿ ಟ್ರೇಯೊಂದನ್ನು ಎತ್ತಿ, ಮತ್ತೆ ಅಲ್ಲೇ ಇಟ್ಟಳು. "ನನಗೂ ಬಂದಿತ್ತು ಅಂಥದ್ದು" ಅಂದಳು ಕೊನೆಗೆ. "ಯಾರಿಗೂ ಹೇಳಿಲ್ಲ."

ಹದ್ದಕ್ಕ ಕಣ್ಣೊರೆಸಿಕೊಂಡು, "ನಾಳೆ ತರಗತಿಗೆ ಬರ್ತೀಯಾ?" ಎಂದಳು.

"ನೀವು ನನ್ನ ಹತ್ರ ಬಂದು ಗುಟ್ಟಾಗಿ ಹೇಳಿದ್ರೆ ಆಯ್ತಾ? ಸುಳ್ಳು ಹೇಳಿದ್ದು ಎಲ್ಲರ ಎದುರು. ಇದನ್ನೂ ಎಲ್ಲರ ಎದುರು ಹೇಳಿ. ಆಗ ನೋಡ್ತೀನಿ."

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಅಂದಷ್ಟೇ ಅಲ್ಲ, ಮುಂದೆಯೂ ಹೇಳಲಿಲ್ಲ.

ಮಗು ಏನಾಯಿತು ಎಂದು ಕೇಳುವವರಿಗೆ ಅದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಇಬ್ಬರೂ ಡಾಕ್ಟರ ಬಳಿ ಹೋದರು, ಬಸುರಿಯರಿಗೆ ಆಗುವಂಥ ಔಷಧಿ ತೆಗೆದುಕೊಂಡರು, ವಾರಕ್ಕೊಮ್ಮೆ ಅವರೆದುರು ಕೂತು ಮಾತಾಡಿದರು. ಇಬ್ಬರಿಗೂ ಆರೋಗ್ಯವಾಗಿ ಹೆರಿಗೆಯಾಯಿತು. ಹದ್ದಕ್ಕನಿಗೆ ಪ್ರೀತಿ ಹೆರಿಗೆ ಕೋಣೆಯಲ್ಲಿ ಬರಲಿಲ್ಲ. ಬಂದದ್ದು ಮಗುವಿಗೆ ನಾಲ್ಕು ತಿಂಗಳಾದ ಮೇಲೆ, ಒಂದು ಬೆಳಿಗ್ಗೆ ಅದಕ್ಕೆ ಸ್ನಾನ ಮಾಡಿಸಿ ಒರೆಸುವಾಗ. ಮಗುವಿನ ಎಡಗಿವಿ ಬಲಗಿವಿಗಿಂತ ಒಂದು ಕೂದಲೆಳೆ ದೊಡ್ಡದು ಎಂಬುದು ಆ ಕಣ್ಣಿಗೆ ಬಿತ್ತು, ಬೀಳದೇ ಇರುತ್ತದೆಯೇ? ಬಿತ್ತು, ಆದರೆ ಕೈ ತೋಳಿನ ಕಡೆ ಹೋಗಲಿಲ್ಲ. ಆ ಕಿವಿಯನ್ನು ನೋಡುತ್ತ ಎಷ್ಟು ಹೊತ್ತು ಕೂತಳೆಂದರೆ, ಮಗು ಚಳಿಗೆ ಸೀನಿತು.

ಆದರೆ ಆ ಗುರುವಾರ ಅದಾವುದೂ ಅವಳಿಗೆ ಗೊತ್ತಿರಲಿಲ್ಲ. ಕಾರ್ಖಾನೆಯಿಂದ ನೇರ ಆಸ್ಪತ್ರೆಗೆ ಬಂದು, ನರ್ಸನ್ನು ಕಾಡಿಬೇಡಿ, ಫೈಲಿನಿಂದ ತನ್ನ ಹಳೆಯ ಹಾಳೆ ತೆಗೆಸಿಕೊಂಡು ಮೇಲೆ ಹೋದಳು. ಬೇಕರಿಯವಳು ಆಗಲೇ ಬಂದು ಬಾಗಿಲ ಹತ್ತಿರ ನಿಂತಿದ್ದಳು, ಚಪ್ಪಲಿ ಬಿಟ್ಟಿರಲಿಲ್ಲ. ಬೇಕಾದರೆ ಹೊರಟೇಬಿಡಬಹುದು ಎನ್ನುವ ಹಾಗೆ.

"ಮೇಡಂ, ಇವತ್ತು ಕಣ್ಣು ಮುಚ್ಚೋದು ಆಮೇಲೆ" ಅಂದಳು ಹದ್ದಕ್ಕ. "ಈ ಹಾಳೆ ನಾನೇ ತುಂಬಿದ್ದು. ಇದರಲ್ಲಿ ಡ್ಯಾಮೇಜ್ ಇದೆ. ನಾನು ನೋಡಿಯೂ ಪಾಸ್ ಮಾಡಿದ್ದೆ."

ನಿಂತೇ ಒಂದೊಂದು ಪ್ರಶ್ನೆ ಓದಿದಳು. ಕಾರಣವಿಲ್ಲದೆ ಅಳು ಬರುತ್ತದೆಯೇ? ಬರುತ್ತದೆ, ದಿನಾ. ತೋಳಿನಿಂದ ಒಂದು ಬಾಣ ಕಿತ್ತು ಆ ಸಾಲಿಗೆ ಹಚ್ಚಿದಳು. ಮೊದಲಿನ ಹಾಗೆ ನಗುತ್ತೀರಾ? ಇಲ್ಲ, ನಕ್ಕ ಹಾಗೆ ಮಾಡುತ್ತೇನೆ. ಇನ್ನೊಂದು ಬಾಣ. ಕೊನೆಯ ಪ್ರಶ್ನೆಗೆ ಮೆಟ್ಟಿಲಿನ ಮಾತನ್ನು ಹೇಳಿದಳು. ಒಟ್ಟು ಎಂಟು ಬಾಣ ಬಿದ್ದವು. ಒಂದು ಸೊಟ್ಟಗೆ ಕೂತಿತು. ಹನ್ನೊಂದು ವರ್ಷದಲ್ಲಿ ಅವಳ ಬಾಣ ಸೊಟ್ಟಗೆ ಬಿದ್ದದ್ದು ಅದೇ ಮೊದಲು.

"ಅವತ್ತು ಇವಳು ನಿಜ ಹೇಳಿದ್ಲು. ನಾನು ಸುಳ್ಳು ಹೇಳಿ ಇವಳ ಬಾಯಿ ಮುಚ್ಚಿಸ್ದೆ" ಎಂದು ಹೇಳಿ ಕೂತಳು. ಮುಖ ಎತ್ತಲಿಲ್ಲ.

ಉಸಿರು ಮೇಡಂ ಎದ್ದು ಬಂದು ಆ ಹಾಳೆ ತೆಗೆದುಕೊಂಡರು. "ನಿಮ್ಮನ್ನ ಮುಂದೆ ಮಾಡಿ ತೋರಿಸಿದ್ದು ನಾನು" ಅಂದರು. "ಅದು ನನ್ನ ತಪ್ಪು. ಕೂತು ಉಸಿರು ನೋಡೋದರಿಂದಾನೇ ಎಲ್ಲಾ ಹೋಗಲ್ಲ, ಡಾಕ್ಟರೂ ಬೇಕಾಗುತ್ತೆ, ಅದನ್ನ ನಾನು ಮೊದಲೇ ಒತ್ತಿ ಹೇಳ್ಬೇಕಿತ್ತು. ಇವತ್ತೇ ಕೆಳಗೆ ಹೋಗೋಣ, ನಾನೂ ಬರ್ತೀನಿ."

ಬೇಕರಿಯವಳು ಚಪ್ಪಲಿ ಬಿಟ್ಟು ಒಳಗೆ ಬಂದು ತನ್ನ ಚಾಪೆಯ ಮೇಲೆ ಕೂತಳು. ಹದ್ದಕ್ಕನ ಕಡೆಗೆ ಕೈ ಚಾಚಿ, "ನನಗೊಂದು ಕೊಡಿ" ಅಂದಳು. ಹದ್ದಕ್ಕನಿಗೆ ಅರ್ಥವಾಗಲಿಲ್ಲ. "ಬಾಣ. ನನ್ನ ಹಾಳೇಲೂ ಎಲ್ಲಾ ಚೆನ್ನಾಗಿದೆ ಅಂತಾನೇ ಬರ್ದಿದೀನಿ."

ಹದ್ದಕ್ಕ ಬ್ಯಾಗಿನಿಂದ ಸ್ಟಿಕ್ಕರಿನ ಪೂರ್ತಿ ಹಾಳೆಯನ್ನೇ ತೆಗೆದುಕೊಟ್ಟಳು. ಅಷ್ಟರಲ್ಲಿ ಕಿಟಕಿಯ ಬಳಿಯ ಶಾಲಾ ಟೀಚರ್, ಹೆಡ್‌ಮಾಸ್ಟರ್ ಬಗ್ಗೆ ತಮಾಷೆ ಮಾಡಿ ಎಲ್ಲರನ್ನೂ ನಗಿಸುತ್ತಿದ್ದವಳೇ, ಗೋಡೆ ನೋಡುತ್ತ, "ಈ ಕಡೆನೂ ಒಂದು" ಅಂದಳು. ಹಾಳೆ ಆ ಕಡೆ ಹೋಯಿತು. ಅಲ್ಲಿಂದ ಹಿಂದಿನ ಸಾಲಿಗೆ ಹೋಯಿತು. ಅಂದು ಹದ್ದಕ್ಕನಿಗೆ ಮೊದಲು ಚಪ್ಪಾಳೆ ತಟ್ಟಿದ್ದವಳು ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದು, ಒಂದು ಬಾಣ ಕಿತ್ತು, ನಿಂತು ಯೋಚಿಸಿ, ಇನ್ನೊಂದನ್ನೂ ಕಿತ್ತಳು.

ತಾನು ಪಾಸ್ ಮಾಡಿದ್ದು ಒಂದೇ ಒಂದು ಡ್ಯಾಮೇಜ್ ಪೀಸು ಎಂದು ಹದ್ದಕ್ಕ ಆ ಮೂರು ವಾರ ನಾಚಿಕೆಯಿಂದ ಸತ್ತಿದ್ದಳು. ಹಾಳೆ ಒಂದು ಸುತ್ತು ಹೋಗಿ ಅವಳ ಕೈಗೆ ವಾಪಸ್ ಬಂತು. ಬಾಣ ಕಿತ್ತವರು ಬೇಕರಿಯವಳನ್ನು ಬಿಟ್ಟು ಇನ್ನೂ ನಾಲ್ಕು ಮಂದಿ. ಇಷ್ಟು ವಾರ ಅದೇ ಕೋಣೆಯಲ್ಲಿ ಅವರ ಪಕ್ಕದಲ್ಲೇ ಕೂತಿದ್ದಳು, ಅವರೊಡನೆ ಚಹಾ ಕುಡಿದಿದ್ದಳು, ಒಬ್ಬಳ ಕೈ ಹಿಡಿದು ಮೆಟ್ಟಿಲು ಇಳಿಸಿದ್ದಳು. ಒಬ್ಬರೂ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಅವಳು ಖಾಲಿಯಾದ ಜಾಗಗಳಿದ್ದ ಆ ಹಾಳೆಯನ್ನು ಮಡಿಚಿ ಬ್ಯಾಗಿಗೆ ಹಾಕಿಕೊಂಡು, ಎಲ್ಲರ ಜೊತೆ ಕೆಳಗಿನ ಮಹಡಿಗೆ ಇಳಿದಳು.